ಫ್ರಾಸ್ಟ್ ಹೊಡೆದ ಜಪಾನಿ ಮೇಪಲ್: ಆರು ವಾರ ಕತ್ತರಿ ಒಳಗಿರಲಿ

ಜಪಾನಿ ಮೇಪಲ್ ಜನವರಿಯ ಚಳಿಗೆ ಹೆದರುವ ಮರವಲ್ಲ. ಎಲೆ ಉದುರಿಸಿ ಮಲಗಿರುವಾಗ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಹತ್ತಿರದವರೆಗೂ ತಡೆಯುತ್ತದೆ. ಪೆಟ್ಟು ಬೀಳುವುದು ಚಿಗುರಿದ ಮೇಲೆ. ಎಳೆ ಎಲೆ ಸುಡಲು ಮೈನಸ್ 2 ಸಾಕು, ಅಂದರೆ 28 ಫ್ಯಾರನ್‌ಹೀಟ್. 2023ರ ಮೇ 18ರ ಮುಂಜಾನೆ ನ್ಯೂಯಾರ್ಕ್ ರಾಜ್ಯದ ಸೇಬು, ದ್ರಾಕ್ಷಿ ತೋಟಗಳನ್ನು ಹಾಳುಗೆಡವಿದ್ದು ಇಂಥ ತಡವಾದ ಫ್ರಾಸ್ಟೇ, ಅಂದರೆ ಎಲೆಯನ್ನು ಹೆಪ್ಪುಗಟ್ಟಿಸುವ ಚಳಿ. ಅಪ್‌ಸ್ಟೇಟ್ ನ್ಯೂಯಾರ್ಕಿನ ಹಿತ್ತಲುಗಳಲ್ಲಿ ಹೀಗೆ ಸುಟ್ಟ ಮೇಪಲ್‌ಗಳಿಗೆ ನಾನು ಮಾಡುವ ಆರೈಕೆ ಇದು.

ಬೆಳಗ್ಗೆ ಬಿಸಿಲು ಬಿದ್ದಾಗ ಕೆಂಪೆಲೆಯ ಮೇಪಲ್ ಬಾಣಲೆಯಿಂದ ಆಗಷ್ಟೇ ಇಳಿಸಿದ ದಂಟಿನ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ಎರಡು ದಿನದಲ್ಲಿ ಕಪ್ಪಾಗಿ, ವಾರದಲ್ಲಿ ಗರಿಗರಿಯಾಗುತ್ತದೆ. ಗಿಡ ಬಾಡಿದರೆ ಒಂದು ಚೊಂಬು ನೀರು ಹಾಕುವುದು ನಮಗೆ ಊರಿನಿಂದ ಬಂದ ಅಭ್ಯಾಸ. ಇಲ್ಲಿ ಅದೇ ಮುಳುವು. ಎಲೆ ಬಾಡಿರುವುದು ದಾಹದಿಂದಲ್ಲ, ಎಲೆಯೊಳಗೆ ಮಂಜುಗಡ್ಡೆ ಕಟ್ಟಿ ಜೀವಕೋಶಗಳು ಹಾಳಾದದ್ದರಿಂದ. ಎಲೆಯೇ ಇಲ್ಲದ ಮರ ನೀರು ಎಳೆಯುವುದು ತೀರಾ ಕಡಿಮೆ. ದಿನಾ ಹಾಕಿದ ನೀರು ಬುಡದಲ್ಲೇ ನಿಂತು ಬೇರು ಕೊಳೆಯುತ್ತದೆ. ಫ್ರಾಸ್ಟ್‌ನಿಂದ ಸತ್ತ ಮೇಪಲ್‌ಗಿಂತ ಆಮೇಲಿನ ಉಪಚಾರದಿಂದ ಸತ್ತವನ್ನೇ ನಾನು ಹೆಚ್ಚು ನೋಡಿದ್ದೇನೆ. ಬೆರಳನ್ನು ಎರಡನೇ ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ. ಕುಂಡದ ಗಿಡವಾದರೆ ಕೆಳಗಿನ ತಟ್ಟೆ ತೆಗೆದುಬಿಡಿ.

ಗೊಬ್ಬರಕ್ಕೂ ಇದೇ ಮಾತು. ಕೊಂಬೆಯಲ್ಲಿ ಮಲಗಿರುವ ಮೊಗ್ಗುಗಳು ಏಳುವುದು ಮರ ಕೂಡಿಟ್ಟ ಪಿಷ್ಟದ ಬಲದಿಂದ, ನಾವು ಸುರಿಯುವ ಸಾರಜನಕದಿಂದಲ್ಲ. ಎರಡನೇ ಚಿಗುರು ಬಂದು ಎಲೆ ಬಲಿತ ಮೇಲೆ ನಿಧಾನವಾಗಿ ಕರಗುವ ಗೊಬ್ಬರವನ್ನು ಚೀಲದ ಮೇಲೆ ಹೇಳಿರುವುದರ ಅರ್ಧದಷ್ಟು, ಒಂದೇ ಸಲ ಕೊಡುತ್ತೇನೆ. ಜುಲೈ ಮಧ್ಯ ದಾಟಿದರೆ ಅದೂ ಇಲ್ಲ. ತಡವಾಗಿ ಬಂದ ಚಿಗುರು ಬಲಿಯುವ ಮೊದಲೇ ಅಕ್ಟೋಬರ್ ಚಳಿ ಬಂದು ಅದನ್ನೂ ಒಯ್ಯುತ್ತದೆ.

ಇನ್ನು ಕತ್ತರಿ. ಕಪ್ಪಾದ ತುದಿಗಳನ್ನು ಕಂಡರೆ ಕೈ ತುರಿಸುವುದು ಸಹಜ, ಆದರೆ ಮೊದಲ ವಾರದಲ್ಲಿ ಎಲ್ಲಿಯವರೆಗೆ ಜೀವವಿದೆ ಎಂದು ಯಾರಿಂದಲೂ ಹೇಳಲಾಗದು. ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ಮರವೇ ತೋರಿಸುತ್ತದೆ. ಜೋರಾಗಿ ಪೆಟ್ಟು ತಿಂದದ್ದು ಆರೆಂಟು ವಾರ ತೆಗೆದುಕೊಳ್ಳಬಹುದು. ತಡೆಯಲಾಗದಿದ್ದರೆ ಕೆರೆದು ನೋಡಿ. ತುದಿಯಿಂದ ಒಂದು ಗೇಣು ಕೆಳಗೆ, ಹೆಬ್ಬೆರಳಿನ ಉಗುರಿನಿಂದ ಅಕ್ಕಿಕಾಳಿನಷ್ಟು ಜಾಗದ ತೊಗಟೆ ಮಾತ್ರ. ಕೆಳಗೆ ಒದ್ದೆಯಾದ ಹಸಿರು ಕಂಡರೆ ಜೀವವಿದೆ. ಕಂದು ಬಣ್ಣ, ಒಣಗಿದ್ದರೆ ಒಂದು ಗೆಣ್ಣು ಕೆಳಗೆ ಮತ್ತೆ ಕೆರೆಯಿರಿ. ಹಳದಿ ಮಿಶ್ರಿತ ಹಸಿರು ಕಂಡ ಕೊಂಬೆಗೆ ದಾರ ಕಟ್ಟಿ ಎರಡು ವಾರ ಬಿಟ್ಟು ನೋಡಿ, ಅರ್ಧಕ್ಕರ್ಧ ಉಳಿಯುತ್ತವೆ. ಒಂದೇ ಕೊಂಬೆಯನ್ನು ದಿನಾ ಕೆರೆಯುವವರೂ ಇದ್ದಾರೆ. ಅದು ಪರೀಕ್ಷೆಯಲ್ಲ, ಗಾಯ.

ಕತ್ತರಿಸುವ ಕೆಲಸ ಜೂನ್ ಕೊನೆಗೆ, ಒಣ ಹವೆಯ ದಿನ. ಮೇಪಲ್‌ಗೆ ಮೊಗ್ಗುಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಜೀವವಿರುವ ಜೋಡಿಗೆ ಒತ್ತಿಕೊಂಡು ಕತ್ತರಿಸಿದರೆ ಗಾಯ ಒಣಗುತ್ತಾ ಕೆಳಗಿಳಿದು ಆ ಮೊಗ್ಗುಗಳನ್ನೂ ಕೊಲ್ಲುತ್ತದೆ. ಅದಕ್ಕೇ ಒಂದು ಸೆಂಟಿಮೀಟರ್ ಮೋಟು ಬಿಡಬೇಕು. ಅದು ಒಣಗಿದ ಮೇಲೆ ಮುಂದಿನ ವರ್ಷ ತೆಗೆದರಾಯಿತು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಗಾಯಕ್ಕೆ ಬಣ್ಣ, ಟಾರು ಬಳಿಯುವುದು ಬೇಡ. ಜೀವವಿರುವ ಕೊಂಬೆಯನ್ನು ಅಂದಕ್ಕೆಂದು ಈ ವರ್ಷ ಕತ್ತರಿಸಲೇಬೇಡಿ. ಮರಕ್ಕೆ ಈಗ ಒಂದೊಂದು ಎಲೆಯೂ ಬೇಕು.

ಜೂನ್‌ವರೆಗೆ ಕಾಯಬಾರದ ಸಂದರ್ಭ ಒಂದಿದೆ. ಸತ್ತ ತುದಿಯ ಕಪ್ಪು ದಿನದಿನಕ್ಕೆ ಕೆಳಗಿಳಿಯುತ್ತಿದ್ದರೆ ಅದು ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಇರಬಹುದು. ಇದು ಎಲೆಯ ಮೇಲೆ ಮಂಜಿನ ಹರಳು ಬೇಗ ಕಟ್ಟುವಂತೆ ಮಾಡಿ, ಒಡೆದ ಜಾಗದಿಂದ ತಾನೇ ಒಳಹೋಗುವ ಜಾತಿ. ಹವಳದ ಬಣ್ಣದ ತೊಗಟೆಯ ಸಾಂಗೋ ಕಾಕು ತಳಿಗೆ ಇದರ ಕಾಟ ಹೆಚ್ಚು. ಕಪ್ಪಿನಿಂದ 15 ಸೆಂಟಿಮೀಟರ್ ಕೆಳಗೆ, ಒಳ್ಳೆಯ ತೊಗಟೆಯಲ್ಲಿ ಕತ್ತರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗಲ್ಲ. ಕತ್ತರಿಸಿದ ಅಡ್ಡಮುಖದಲ್ಲಿ ಹಸಿರು-ಕಪ್ಪು ಗೆರೆ, ಚುಕ್ಕೆ ಕಂಡರೆ ವರ್ಟಿಸಿಲಿಯಂ ಶಿಲೀಂಧ್ರದ ಅನುಮಾನ. ಅದಕ್ಕೆ ಮದ್ದಿಲ್ಲ, ಅದೇ ಗುಂಡಿಯಲ್ಲಿ ಇನ್ನೊಂದು ಮೇಪಲ್ ನೆಡುವ ಹಾಗೂ ಇಲ್ಲ. ಕಾಂಡದಿಂದ ಹಲ್ಲುಕಡ್ಡಿಯ ಹಾಗೆ ಮರದ ಹುಡಿ ಚಾಚಿಕೊಂಡಿದ್ದರೆ ಮರ ಕೊರೆಯುವ ಅಂಬ್ರೋಸಿಯಾ ದುಂಬಿ ಹೊಕ್ಕಿದೆ. ಚಳಿಗೆ ನೊಂದ ಮರ ಎಥನಾಲ್ ಬಿಡುತ್ತದೆ, ಆ ವಾಸನೆಗೇ ಇವು ಬರುತ್ತವೆ.

ಕಸಿ ಗಿಡವಾದರೆ ಬುಡದ ಮೇಲೆ ಕಣ್ಣಿರಲಿ. ಬ್ಲಡ್‌ಗುಡ್, ಕ್ರಿಮ್ಸನ್ ಕ್ವೀನ್ ಮುಂತಾದ ಕೆಂಪೆಲೆಯ ತಳಿಗಳನ್ನು ಸಾಮಾನ್ಯವಾಗಿ ಹಸಿರೆಲೆಯ ಬೀಜದ ಸಸಿಗೆ ಕಸಿ ಕಟ್ಟಿರುತ್ತಾರೆ. ಮೇಲ್ಭಾಗ ಸುಸ್ತಾದಾಗ ಬೇರುಗಿಡ ಹುರುಪಿನಿಂದ ಎದ್ದು ಬರುತ್ತದೆ. ಕಸಿಯ ಗಂಟಿನ ಕೆಳಗಿಂದ ಹಸಿರು ಚಿಗುರು ಬಂದರೆ ಎಳೆಯದಿರುವಾಗಲೇ ಕೈಯಿಂದ ಮುರಿಯಿರಿ. "ಮರ ಬದುಕಿತು" ಅಂತ ಅದನ್ನು ಸಾಕಿದರೆ ಎರಡು ವರ್ಷದಲ್ಲಿ ನಿಮ್ಮ ಕೆಂಪು ಮೇಪಲ್ ಹೋಗಿ ಹಸಿರು ಮೇಪಲ್ ನಿಂತಿರುತ್ತದೆ.

ಎರಡನೇ ಎಲೆಗಳು ಚಿಕ್ಕವು, ಬಣ್ಣವೂ ಮಂಕು. ಮುಂದಿನ ವಸಂತಕ್ಕೆ ಸರಿಹೋಗುತ್ತದೆ. ಆದರೆ ಜೂನ್ ಬಿಸಿಲಿಗೆ ನೇರವಾಗಿ ಅರಳುವುದರಿಂದ ಅಂಚು ಸುಡುತ್ತದೆ. ಮಧ್ಯಾಹ್ನದ ಬಿಸಿಲು ಬೀಳುವ ಕಡೆ 30–40 ಶೇಕಡಾ ನೆರಳಿನ ಬಲೆಯನ್ನು ಎಲೆಗೆ ತಾಗದಂತೆ ಕಟ್ಟಿ. ಬುಡದ ಸುತ್ತ 5ರಿಂದ 8 ಸೆಂಟಿಮೀಟರ್ ಮರದ ಚಕ್ಕೆ ಹರಡಿ, ಕಾಂಡದಿಂದ ಒಂದು ಗೇಣು ಜಾಗ ಖಾಲಿ ಬಿಡಿ.

ಮುಂದಿನ ಏಪ್ರಿಲ್‌ಗೆ: ಹವಾಮಾನ ವರದಿ 2 ಡಿಗ್ರಿ ಅಂದರೂ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಾದರೆ ಎಲೆಯ ಮೈ ಸೊನ್ನೆಗಿಂತ ಕೆಳಗಿಳಿಯುತ್ತದೆ. ಹಳೆಯ ಹಾಸಿಗೆ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲೇ ಹೊದಿಸಿ, ಅಂಚು ನೆಲ ಮುಟ್ಟಬೇಕು. ಕಾಪಾಡುವುದು ಮಣ್ಣಿನಿಂದ ಏಳುವ ಶಾಖ, ಬಟ್ಟೆಯಲ್ಲ. ಕಾಂಡಕ್ಕೆ ಛತ್ರಿಯ ಹಾಗೆ ಬಿಗಿದು ಕಟ್ಟಿದರೆ ಆ ಶಾಖ ಹೊರಗೇ ಉಳಿಯುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತದೆ, ಅದು ಬೇಡ. ಕುಂಡದ ಗಿಡವನ್ನು ಗ್ಯಾರೇಜಿಗೆ ಎತ್ತಿಡಬಹುದು, ಆದರೆ ಫೆಬ್ರವರಿಯಿಂದಲೇ ಬೆಚ್ಚಗಿನ ಗ್ಯಾರೇಜಿನಲ್ಲಿಟ್ಟರೆ ತಿಂಗಳು ಮೊದಲೇ ಚಿಗುರಿ, ಮೇ ಮಧ್ಯದವರೆಗೆ ಪ್ರತಿ ಸಂಜೆ ಹೊತ್ತು ತಿರುಗುವ ಕೆಲಸ ನಿಮ್ಮದಾಗುತ್ತದೆ.