ಆಟಿಸಂ ತಪಾಸಣೆಗೆ ಮುಂಚೆ ಹಳೇ ಫೋಟೋ ನೋಡುವುದು ಹೇಗೆ?

ದೊಡ್ಡವರಾದ ಮೇಲೆ ತಪಾಸಣೆಗೆ ಹೋದರೆ ಡಾಕ್ಟರು ಬಾಲ್ಯದ ಬಗ್ಗೆ ಕೇಳೇ ಕೇಳುತ್ತಾರೆ, ಯಾಕಂದ್ರೆ ಆಟಿಸಂನ ಲಕ್ಷಣಗಳು ಚಿಕ್ಕಂದಿನಿಂದಲೇ ಇರಬೇಕು. ಆಗ ಹಳೇ ಆಲ್ಬಂ ಕೆಲಸಕ್ಕೆ ಬರುತ್ತದೆ. ಆದರೆ ಚಿಕ್ಕಂದಿನ ಫೋಟೋದಲ್ಲಿ ನಗದೇ ಇದ್ದರೆ ಆಟಿಸಂ ಇರಬಹುದು ಅಂದುಕೊಂಡು, ನಗದೇ ಇರುವ ಮುಖ ಎಷ್ಟಿವೆ ಅಂತ ಸುಮ್ನೆ ಎಣಿಸಬೇಡಿ.

ಫೋಟೋದಲ್ಲಿ ಮಗು ನಗದಿರಲು ನೂರು ಕಾರಣ ಇರುತ್ತವೆ. ನಾಮಕರಣದ ದಿನ ನಿದ್ದೆ ಕೆಟ್ಟಿರುತ್ತದೆ, ಜರಿ ಲಂಗ ಚುಚ್ಚುತ್ತಿರುತ್ತದೆ, ಎದುರಿಗೆ ಫ್ಲ್ಯಾಶ್ ಬೇರೆ. ಆಟಿಸಂ ಇರುವ ಮಕ್ಕಳೂ ಚೆನ್ನಾಗಿ ನಗುತ್ತಾರೆ. ಹಾಗಾಗಿ ಒಂದು ಮುಖ ನೋಡಿ ತೀರ್ಮಾನ ಬೇಡ.

ಮೊದಲು ಫೋಟೋಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ. ಹಿಂದೆ ತಾರೀಖು ಇಲ್ಲದಿದ್ದರೆ ಕೇಕಿನ ಮೇಲಿನ ಮೇಣದಬತ್ತಿ, ಬಿದ್ದ ಹಲ್ಲು ನೋಡಿ ಅಂದಾಜು ಮಾಡಬಹುದು. ಒಂದೇ ಸಮಾರಂಭದ ನಾಲ್ಕೈದು ಫೋಟೋ ಸಾಲಾಗಿಟ್ಟು, ಮಗುವಿನ ನಗುವಿನ ಬದಲು ಕಣ್ಣು, ಕೈ ನೋಡಿ. ಎತ್ತಿಕೊಂಡವರ ಮುಖ ನೋಡುತ್ತಿದೆಯಾ? ಏನನ್ನಾದರೂ ಬೆರಳು ಮಾಡಿ ತೋರಿಸುತ್ತಿದೆಯಾ? ಎಲ್ಲರೂ ಕೇಕ್ ನೋಡುವಾಗ ಮಗು ಒಂದು ಸಲ ಫ್ಯಾನ್ ನೋಡಿದರೆ ಏನೂ ಅರ್ಥವಿಲ್ಲ. ವರ್ಷವರ್ಷವೂ ಹಾಗೇ ಇದ್ದರೆ ಬರೆದಿಟ್ಟುಕೊಳ್ಳಿ.

ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. 1994ರಲ್ಲಿ ಅಮೆರಿಕದ ಆಸ್ಟರ್ಲಿಂಗ್ ಮತ್ತು ಡಾಸನ್ ಎಂಬ ಸಂಶೋಧಕಿಯರು ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೋಗಳನ್ನು ನೋಡಿದರು. ಮುಂದೆ ಆಟಿಸಂ ಇದೆ ಅಂತ ಗೊತ್ತಾದ 11 ಮಕ್ಕಳು, ಇಲ್ಲದ 11 ಮಕ್ಕಳು. ಬೇರೆಯವರ ಮುಖ ನೋಡುವುದು, ಬೆರಳು ತೋರಿಸುವುದು, ವಸ್ತು ತಂದು ತೋರಿಸುವುದು, ಹೆಸರು ಕರೆದಾಗ ತಿರುಗುವುದು, ಇವುಗಳಲ್ಲೇ ವ್ಯತ್ಯಾಸ ಕಂಡದ್ದು. ಒಂದು ಕ್ಷಣದ ಫೋಟೋದಲ್ಲಿ ಇದೆಲ್ಲ ಪೂರ್ತಿ ಎಲ್ಲಿ ಸಿಗಬೇಕು? ಮನೇಲಿ ಹಳೇ ಕ್ಯಾಸೆಟ್ ಇದ್ದರೆ ಎಡಿಟ್ ಮಾಡಿಸದೆ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಸಿ.

ಆಮೇಲೆ ಅಮ್ಮನ ಪಕ್ಕ ಕೂತುಕೊಳ್ಳಿ. "ನಾನು ನಗ್ತಾನೇ ಇರ್ಲಿಲ್ಲ ಅಲ್ವಾ?" ಅಂತ ಕೇಳಿದರೆ ಅವರೂ ಹೂಂ ಅಂದುಬಿಡುತ್ತಾರೆ. "ಈ ಫೋಟೋ ತೆಗೆದ ದಿನ ಏನಾಯ್ತಮ್ಮ?" ಅಂತ ಕೇಳಿ. "ಅಯ್ಯೋ, ಆವತ್ತು ವಾಲಗದ ಸದ್ದಿಗೆ ಕಿವಿ ಮುಚ್ಕೊಂಡು ಮಂಚದ ಕೆಳಗೆ ಕೂತಿದ್ದೆ, ಊಟಕ್ಕೂ ಬರ್ಲಿಲ್ಲ" ಅನ್ನುವಂಥ ಮಾತು ಬಂದರೆ, ಡಾಕ್ಟರಿಗೆ ಫೋಟೋಗಿಂತ ಅದೇ ಜಾಸ್ತಿ ಉಪಯೋಗ. ಅವರ ಮಾತಲ್ಲೇ ಬರೆದುಕೊಳ್ಳಿ.

ಅನುಮಾನ ಇರುವುದು ಪುಟ್ಟ ಮಗುವಿನ ಬಗ್ಗೆಯಾದರೆ ಆಲ್ಬಂ ಹುಡುಕುತ್ತಾ ಕೂರಬೇಡಿ. ಮಕ್ಕಳ ಡಾಕ್ಟರ್ ಹತ್ತಿರ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಹೆಸರು ಕರೆದರೆ ತಿರುಗುತ್ತಿಲ್ಲ ಅಂದರೆ ಕಿವಿ ಪರೀಕ್ಷೆಯನ್ನೂ ಮಾಡಿಸಿ.