ಹಿಡಿ ಜೋಳದ ಮೇಲೆ ನಿಂತ ಸಭೆ

"ಜೋಳ ಕೂಡಿಸಿದ್ರ ಸಭೆ ನಡೀತದೇನ್ರೀ?" ಅಂತ 2020ರಲ್ಲಿ ನಮ್ಮ ಚರ್ಚ್ ಕಮಿಟಿಯ ಹಿರಿಯರೊಬ್ಬರು ನಕ್ಕಿದ್ದರು. ನಡೆಯಿತು. ಈಗಲೂ ನಡೆಯುತ್ತಿದೆ. ಸ್ವಲ್ಪ ಜಂಬ ಅನ್ನಿಸಿದರೂ ಪರವಾಗಿಲ್ಲ, ಬರೆದೇ ಬಿಡುತ್ತೇನೆ.

ಬೆಟಗೇರಿ ಕಡೆಯ ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು, ನಮ್ಮದು. 60 ಚಿಲ್ಲರೆ ಮನೆ. ನೇಕಾರರು ಜಾಸ್ತಿ, ಒಂದಿಷ್ಟು ನರ್ಸ್‌ಗಳು, ಮಾಸ್ತರರು. ಮಾರ್ಚ್ 22, ಜನತಾ ಕರ್ಫ್ಯೂ ರವಿವಾರ, ಬಾಗಿಲು ಹಾಕಿದೆವು. ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಅಷ್ಟರಲ್ಲಿ ಮಗ್ಗ ನಿಂತಿದ್ದವು. ತಿಂಗಳಿಗೆ 28-30 ಸಾವಿರ ಬರುತ್ತಿದ್ದ ಕಾಣಿಕೆ ಏಪ್ರಿಲ್‌ನಲ್ಲಿ 3 ಸಾವಿರದ ಹತ್ತಿರ ಇಳಿಯಿತು. ಬಿಷಪ್ಪರ ಆಡಳಿತಕ್ಕೆ, ಅಂದರೆ ಡಯಾಸಿಸ್‌ಗೆ, ಸಭೆ ಕಟ್ಟುವ ಪಾಲು (ಅಸೆಸ್‌ಮೆಂಟ್) ಬಾಕಿ, ಕರೆಂಟ್ ಬಿಲ್ ಬಾಕಿ. ಆಗ ಖಜಾಂಚಿ ನಾನೇ. ಪುಸ್ತಕ ಈಗ ಬೇರೆಯವರ ಹತ್ತಿರ ಇದೆ, ಲೆಕ್ಕ ನೆನಪಿನದು.

ಎಲ್ಲರ ಹಾಗೆ ಮೊದಲು ಯೂಟ್ಯೂಬ್ ಲೈವ್ ಹಿಡಿದೆವು. ಮೊದಲ ವಾರ 40 ಫೋನು. ಈಸ್ಟರ್‌ಗೆ 22. ಅದರ ಮುಂದಿನ ವಾರ 9, ಅದರಲ್ಲಿ 2 ನಮ್ಮ ಮನೆಯವೇ! ಮೈಕು, ಸ್ಟ್ಯಾಂಡು ಅಂತ 4,200 ರೂಪಾಯಿ ನೀರಿಗೆ ಹೋಯಿತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿದೆ. ಅದು ಇನ್ನೂ ದೊಡ್ಡ ತಪ್ಪು. ದುಡ್ಡಿದ್ದ 11 ಮನೆಯವರು ಹಾಕಿದರು. ಇಲ್ಲದವರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ರೇಷನ್ ಕಿಟ್ 14 ಮನೆಗೆ ಕೊಟ್ಟೆವು. 5 ವಾಪಸ್ ಬಂದವು. ದಾನಿಗಳು ಫೋಟೋ ಕೇಳಿದ್ದರು. "ನಾವೇನ್ ಬೇಡಾಕ ಬಂದೇವೇನೋ ತಮ್ಮಾ?" ಅಂದರು ಒಬ್ಬ ಅಜ್ಜಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಿಜೋರಾಮಿನ ಸಭೆಗಳಲ್ಲಿ ಅಡುಗೆಗೆ ಮುಂಚೆ ದೇವರಿಗೆ ಅಂತ ಒಂದು ಹಿಡಿ ಅಕ್ಕಿ ಎತ್ತಿಡುತ್ತಾರೆ, 1910ರಿಂದ ಬಂದ ರೂಢಿ. ನಮ್ಮದು ರೊಟ್ಟಿ ತಿನ್ನುವ ಊರು, ಜೋಳ ಆಗಲಿ ಅಂದೆ. ನಿಯಮ ಒಂದೇ: ತೆಗೆದುಕೊಳ್ಳುವ ಮನೆಯೂ ಹಾಕಬೇಕು. ಒಂದು ಹಿಡಿಯಾದರೂ ಸರಿ. ಸ್ತ್ರೀ ಸಂಘದವರು ಒಂದೇ ಅಳತೆಯ, ಒಂದೇ ಬಟ್ಟೆಯ ಚೀಲ ಹೊಲಿದರು. ಹೆಸರಿಲ್ಲ, ನಂಬರಿಲ್ಲ.

ಮೊದಲ ತಿಂಗಳು ಪೂರ್ತಿ ಹಾಳು. ಬಿಳಿಜೋಳ, ಹೈಬ್ರಿಡ್, ರೇಷನ್ ಅಕ್ಕಿ ಎಲ್ಲ ಒಂದೇ ಡ್ರಮ್ಮಿಗೆ ಸುರಿದೆವು. ಆ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಹರಿಯುತ್ತೆ ಅಂತ ಹೆಣ್ಣುಮಕ್ಕಳಿಗೆ ಗೊತ್ತಿತ್ತು, ಅವರನ್ನು ಕೇಳುವವರು ಯಾರು! ಮೇಲಿಂದ ನುಸಿ. ಸುಮಾರು 80 ಕಿಲೋ ದನಕ್ಕೆ ಹೋಯಿತು. ಎರಡನೇ ತಿಂಗಳು ಬೇರೆ ಬೇರೆ ಡ್ರಮ್ಮು, ಬೇವಿನೆಲೆ. 45 ಮನೆಯಿಂದ 130 ಕಿಲೋ ಬಂತು. ದುಡ್ಡಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ಅಷ್ಟೇ. ಆದರೆ ಕಿಟ್ ವಾಪಸ್ ಕಳಿಸಿದ್ದ ಅಜ್ಜಿ ಚೀಲ ತುಂಬಿಟ್ಟು ಬಾಗಿಲಲ್ಲಿ ಕಾಯುತ್ತಿದ್ದರು.

ಯಾರಿಗೆ ಎಷ್ಟು ಹೋಗುತ್ತೆ ಅಂತ ಮೂರನೆಯವರಿಗೆ ಗೊತ್ತಾಗದ ಹಾಗೆ ಹೇಗೆ ಹಂಚಿದೆವು? ಅದನ್ನು ಇಲ್ಲಿ ಬರೆಯಲ್ಲ. ಬಾಯಿಬಿಟ್ಟರೆ ಆ ಉಪಾಯ ಸತ್ತಂತೆ.

ಚೀಲ ತರಲು ಹೋದವರು ಹೊಸ್ತಿಲ ಹೊರಗೆ ನಿಂತು ಬೈಬಲ್ಲಿನ ಒಂದು ಕೀರ್ತನೆ ಓದಿ, ಪ್ರಾರ್ಥಿಸಿ ಬರಬೇಕಿತ್ತು. ಪ್ರಸಂಗ (ಉಪದೇಶ) ಬೇಡ ಅಂತ ಸಭಾಪಾಲಕರೇ (ಪಾಸ್ಟರ್) ಹೇಳಿದರು. ಜನ ಅಳುತ್ತಿದ್ದದ್ದು, ಸಾಲದ ಮಾತು ತೆಗೆಯುತ್ತಿದ್ದದ್ದು ಅಲ್ಲೇ. ನಡುವೆ ಕಾನ್ಫರೆನ್ಸ್ ಕಾಲ್‌ನಲ್ಲಿ ಗೀತೆ ಹಾಡಿಸಲು ನೋಡಿದೆ. ಹಾರ್ಮೋನಿಯಂ ಮುಂದೆ, ಹಾಡುವವರು ಎರಡು ಸಾಲು ಹಿಂದೆ. ನಕ್ಕು ನಕ್ಕು ಸಾಕಾಯಿತು. ಅವತ್ತಿನ ಮಟ್ಟಿಗೆ ಅದೂ ಒಳ್ಳೆಯದೇ ಆಯ್ತು ಬಿಡಿ.

2021ರ ಎರಡನೇ ಅಲೆಯಲ್ಲಿ ನಮ್ಮವರು ಮೂವರು ಹೋದರು. ಮಣ್ಣಿಗೆ ಐದೇ ಜನ. ಆ ಹೊತ್ತಿಗೆ ಗಂಟೆ ಹೊಡೆಸುತ್ತಿದ್ದೆವು, ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚೀಲ ತರಲು ಹೋಗುತ್ತಿದ್ದ ಹುಡುಗರೇ ಮನೆಮನೆಗೆ ಸಮಯ ತಿಳಿಸುತ್ತಿದ್ದರು.

ಕಾಣಿಕೆ ಹಳೆಯ ಮಟ್ಟಕ್ಕೆ ಬರಲು ಎರಡು ವರ್ಷ ಹಿಡಿಯಿತು. ಅವತ್ತು ನಕ್ಕಿದ್ದ ಹಿರಿಯರೇ ಈಗ ಜೋಳ ಅಳೆಯುತ್ತಾರೆ. ಹೋದ ತಿಂಗಳು ನನ್ನ ಮನೆಯ ಚೀಲದಲ್ಲಿ ನುಸಿ ಸಿಕ್ಕಿತು ಅಂತ ಎಲ್ಲರೆದುರು ಬೈದರು.