ಮೊದಲು ಮಂತ್ರ, ಆಮೇಲೆ ದಾಳ

ಮುಂಬೈಯ ಮಾಟುಂಗದಲ್ಲಿ ಭಾನುವಾರ ನಡೆಯುವ ನಮ್ಮ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಕೂಟಕ್ಕೆ ಹೊಸಬರು ಬಂದರೆ ಬಹುತೇಕ ಎಲ್ಲರೂ ಕೇಳುವುದು ಮಂತ್ರವಾದಿಯ ಪಾತ್ರವನ್ನೇ. ಕತ್ತಿ ಬೇಡ, ಬಿಲ್ಲು ಬೇಡ, ಬೆಂಕಿ ಎಸೆಯಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರೇ "ನನ್ನ ದಾಳವೇ ಸರಿಯಿಲ್ಲ" ಎಂದು ಮುಖ ಸಣ್ಣ ಮಾಡಿಕೊಂಡು ಕೂತಿರುತ್ತಾರೆ. ದಾಳದ್ದು ಏನೂ ತಪ್ಪಿರುವುದಿಲ್ಲ. ಯಾವ ಶತ್ರುವಿಗೆ ಯಾವ ಮಂತ್ರ ಎಂದು ಯೋಚಿಸದೆ ಕೈಗೆ ಸಿಕ್ಕಿದ್ದನ್ನು ಉರುಳಿಸಿರುತ್ತಾರೆ, ಅಷ್ಟೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಟ. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಡಿಎಂ (ಡಂಜನ್ ಮಾಸ್ಟರ್) ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ. ಆಗುತ್ತೋ ಇಲ್ಲವೋ ಎನ್ನುವಂಥ ಕೆಲಸ ಬಂದಾಗ ದಾಳ ತೀರ್ಮಾನಿಸುತ್ತದೆ. ಈಗ ಎಲ್ಲ ಕಡೆ ನಡೆಯುತ್ತಿರುವುದು 2014ರ ಐದನೇ ಆವೃತ್ತಿ ಅಥವಾ 2024ರಲ್ಲಿ ಬಂದ ಅದರ ಪರಿಷ್ಕರಣೆ. ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 2014ರದ್ದು. ನಮ್ಮ ಮೇಜಿನಲ್ಲಿ ಇನ್ನೂ ಅದೇ ಇದೆ, ಬದಲಾಯಿಸುವ ಆಸೆಯೂ ನನಗಿಲ್ಲ.

ಹೆಜ್ಜೆ 1: ದಾಳ ಕೊಳ್ಳಿ

ನಾಲ್ಕು ಮುಖದ್ದರಿಂದ ಇಪ್ಪತ್ತು ಮುಖದ್ದರವರೆಗಿನ ಏಳು ದಾಳಗಳ ಮಾಮೂಲಿ ಪ್ಲಾಸ್ಟಿಕ್ ಸೆಟ್ ಒಂದು ಸಾಕು. ಮುಂದೆ ಆರು ಮುಖದವು ಮಾತ್ರ ಹೆಚ್ಚಿಗೆ ಬೇಕಾಗುತ್ತವೆ. ಅದಕ್ಕೆ ಕ್ರಾಫರ್ಡ್ ಮಾರ್ಕೆಟ್ ಕಡೆಯ ಆಟಿಕೆ ಅಂಗಡಿಗಳ ಲೂಡೋ ದಾಳವೇ ಧಾರಾಳವಾಯಿತು.

ಕೊಳ್ಳಬಾರದ್ದು ಎರಡು ಇವೆ. ಒಂದು, ಲೋಹದ ದಾಳ. ನೋಡಲು ಚೆಂದ, ಕೈಯಲ್ಲಿ ತೂಕವಾಗಿ ಕೂರುತ್ತದೆ, ಮೇಜಿನ ಗಾಜಿಗೆ ಮಾತ್ರ ಕಂಟಕ. ನೆಲಕ್ಕೆ ಬಿದ್ದರೆ ಟೈಲ್ಸ್ ಚಕ್ಕೆ ಎದ್ದು, ಕೆಳಗಿನ ಮನೆಯವರ ದೂರು ಸೊಸೈಟಿ ಸೆಕ್ರೆಟರಿಗೆ ಹೋಗುತ್ತದೆ. ಎರಡನೆಯದು ಇನ್ನೂ ಮೋಸ: ಇಪ್ಪತ್ತು ಮುಖದ್ದೇ ಆದರೂ 20ರ ಪಕ್ಕ 19, ಅದರ ಪಕ್ಕ 18 ಎಂದು ಸಾಲಾಗಿ ಅಂಕೆ ಬರೆದಿರುವ ದಾಳ. ಅದು ಇಸ್ಪೀಟಿನಂಥ ಬೇರೆ ಫ್ಯಾಂಟಸಿ ಆಟದಲ್ಲಿ ಉಳಿದ ಪ್ರಾಣ ಎಣಿಸಲು ಇರುವಂಥದ್ದು. ದೊಡ್ಡ ಅಂಕೆಗಳೆಲ್ಲ ಒಂದೇ ಮಗ್ಗುಲಲ್ಲಿ ಇರುವುದರಿಂದ ಕೈಚಳಕದವರು ಬೇಕಾದಂತೆ ಬೀಳಿಸಿಕೊಳ್ಳಬಹುದು. ಆನ್‌ಲೈನ್‌ನಲ್ಲಿ ಇದನ್ನೂ ಸರಿಯಾದ ದಾಳವನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಫೋಟೊ ದೊಡ್ಡದು ಮಾಡಿ ನೋಡಿಯೇ ಆರ್ಡರ್ ಮಾಡಿ.

ದಾಳದ ಮೇಲೆ ಅನುಮಾನವಿದ್ದರೆ ಒಂದು ಲೋಟ ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ ತೇಲಿಸಿ. ಬೆರಳಲ್ಲಿ ತಿರುಗಿಸಿ ಬಿಟ್ಟಾಗಲೆಲ್ಲ ಅದೇ ಮುಖ ಮೇಲೆ ಬರುತ್ತಿದ್ದರೆ ಒಳಗೆ ಗಾಳಿ ಗುಳ್ಳೆ ಇದೆ ಎಂದರ್ಥ. ಉರುಳಿಸಲು ವೆಲ್ವೆಟ್ ಹಾಸಿದ ದುಬಾರಿ ಟ್ರೇ ಬೇಡ, ಊಟದ ಸ್ಟೀಲ್ ತಟ್ಟೆಯೊಳಗೆ ಒಂದು ಕರ್ಚೀಫು ಹಾಸಿದರೆ ಆಯಿತು. ಫೋನಿನ ಆ್ಯಪ್ ಬೇಡವೇ ಬೇಡ. ಅದರ ಲೆಕ್ಕದಲ್ಲಿ ದೋಷವಿದೆ ಎಂದಲ್ಲ. ಫೋನ್ ಕೈಗೆ ಬಂದವರು ವಾಟ್ಸಾಪ್‌ನಿಂದ ವಾಪಸ್ ಬರುವುದಿಲ್ಲ.

ಹೆಜ್ಜೆ 2: ಎರಡು ಅಂಕೆ ಬರೆದಿಡಿ

ಮೊದಲ ಲೆವೆಲ್‌ನ ವಿಝರ್ಡ್‌ಗೆ (ಮಂತ್ರವಾದಿಗೆ) ಬುದ್ಧಿಯ ಅಂಕೆಯಾದ ಇಂಟೆಲಿಜೆನ್ಸ್ 16 ಇದೆ ಎಂದುಕೊಳ್ಳಿ. ಅದರಿಂದ ಸಿಗುವುದು +3, ಲೆವೆಲ್‌ನಿಂದ ಬರುವ ಪ್ರೊಫಿಶಿಯನ್ಸಿ, ಅಂದರೆ ಪರಿಣತಿಯ ಅಂಕೆ, +2. ಎರಡನ್ನೂ ಕೂಡಿದರೆ ಮಂತ್ರದ ದಾಳಿಗೆ +5. ಅದಕ್ಕೆ ಎಂಟು ಸೇರಿಸಿದರೆ ನಿಮ್ಮ ಡಿಸಿ, ಅಂದರೆ ಶತ್ರು ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಅಂಕೆ, 13. ನಿಮ್ಮ ಪಾತ್ರದ ವಿವರ ಬರೆದ ಹಾಳೆಯ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ "+5, 13" ಎಂದು ಬರೆಯಿರಿ.

ಹೆಜ್ಜೆ 3: ಮಂತ್ರಕ್ಕೊಂದು ಕಾರ್ಡು

ಅಚ್ಚು ಹಾಕಿದ ಕಾರ್ಡುಗಳ ಪೆಟ್ಟಿಗೆ ಕೊಳ್ಳಬೇಡಿ. ನಿಮಗೆ ಬೇಕಾದ ಹತ್ತಕ್ಕೆ ಬೇಡದ ನೂರು ಸೇರಿರುತ್ತವೆ. ಮೂಲ ನಿಯಮಗಳ ಬಹುಭಾಗವನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆಯಾಗಿ ಬಿಡುಗಡೆ ಮಾಡಿದ್ದಾರೆ, ಅದನ್ನು ನೋಡಿ ನೀವೇ ಬರೆದುಕೊಳ್ಳಿ. ಲೋಕಲ್ ರೈಲು ಹಳಿ ದುರಸ್ತಿಯ ಮೆಗಾ ಬ್ಲಾಕ್ ಇರುವ ಭಾನುವಾರ ಡೊಂಬಿವಿಲಿಯವರು ಬಂದು ಮುಟ್ಟುವಷ್ಟರಲ್ಲಿ ಬರೆದು ಮುಗಿದಿರುತ್ತದೆ. ಪ್ರತಿ ಕಾರ್ಡಿನ ಮೊದಲ ಸಾಲಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಇರಲಿ: ದಾಳ ಹಾಕುವವರು ಯಾರು?

ಹೆಜ್ಜೆ 4: ದಾಳ ಹಾಕುವವರು ಯಾರು?

ಹೊಸಬರು ಎಡವುವುದು ಇಲ್ಲಿ. ಇಲ್ಲಿ ನಿಧಾನಿಸಿ.

ಮಂತ್ರಗಳಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ನೀವು ಇಪ್ಪತ್ತು ಮುಖದ್ದನ್ನು ಉರುಳಿಸಿ, +5 ಕೂಡಿಸಿ, ಶತ್ರುವಿನ ರಕ್ಷಣೆಯ ಅಂಕೆಯಾದ ಎಸಿಯನ್ನು ಮುಟ್ಟಬೇಕು. ಫೈರ್ ಬೋಲ್ಟ್ ಇಂಥದ್ದು. ಎರಡನೆಯದರಲ್ಲಿ ನೀವು ಸುಮ್ಮನೆ ಕೂರುತ್ತೀರಿ. ಶತ್ರು ದಾಳ ಹಾಕಿ 13 ಮುಟ್ಟಿದರೆ ಬಚಾವ್. ಇದೇ ಸೇವ್. ಬರ್ನಿಂಗ್ ಹ್ಯಾಂಡ್ಸ್, ಫೈರ್‌ಬಾಲ್ ಎಲ್ಲ ಇದರಲ್ಲಿ ಬರುತ್ತವೆ. ಮೂರನೆಯ ಬಗೆಯಲ್ಲಿ ತಾಗಿತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮ್ಯಾಜಿಕ್ ಮಿಸೈಲ್‌ನ ಮೂರು ಬಾಣಗಳು ನೇರ ಹೋಗಿ ನಾಟುತ್ತವೆ, ನೀವು ಹಾಕುವ ನಾಲ್ಕು ಮುಖದ ದಾಳ ಪೆಟ್ಟು ಎಷ್ಟೆಂದು ಹೇಳಲು ಮಾತ್ರ.

ಈಗ ಎದುರಿಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನೊಬ್ಬ ನಿಂತಿದ್ದಾನೆ. ಎಸಿ 15, ಪ್ರಾಣ 7. ಫೈರ್ ಬೋಲ್ಟ್ ಎಸೆದರೆ ನಿಮಗೆ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು, ಅಂದರೆ ಶೇ 55. ಬರ್ನಿಂಗ್ ಹ್ಯಾಂಡ್ಸ್ ಬೀಸಿದರೆ ಅವನು ಚುರುಕುತನದ ಅಂಕೆಯಾದ ಡೆಕ್ಸ್‌ಟೆರಿಟಿಯ +2 ಸೇರಿಸಿ 13 ಮುಟ್ಟಬೇಕು, ಸರಿಯಾಗಿ ಅರ್ಧಕ್ಕರ್ಧ. ಮೇಲ್ನೋಟಕ್ಕೆ ಫೈರ್ ಬೋಲ್ಟೇ ಮೇಲು ಅನ್ನಿಸುತ್ತದೆ. ಆದರೆ ಫೈರ್ ಬೋಲ್ಟ್ ತಪ್ಪಿದರೆ ಸೊನ್ನೆ. ಬರ್ನಿಂಗ್ ಹ್ಯಾಂಡ್ಸ್‌ನಲ್ಲಿ ಗಾಬ್ಲಿನ್ ಗೆದ್ದರೂ ಅರ್ಧ ಪೆಟ್ಟು ತಿನ್ನುತ್ತಾನೆ. ಸೋತರೆ ಆರು ಮುಖದ ಮೂರು ದಾಳದ ಪೂರ್ತಿ ಪೆಟ್ಟು, ಅದು 7 ಮುಟ್ಟುವ ಸಾಧ್ಯತೆ ಶೇ 90. ಅವನ ಪಕ್ಕದಲ್ಲಿ ಇನ್ನಿಬ್ಬರು ಒತ್ತಿ ನಿಂತಿದ್ದರಂತೂ ಒಂದೇ ಬೀಸಿಗೆ ಮೂವರಿಗೂ ತಾಗುತ್ತದೆ, ಯೋಚಿಸುವುದೇ ಬೇಡ.

ಹಾಗೆಂದು ಎಲ್ಲದಕ್ಕೂ ಬೆಂಕಿ ಅಲ್ಲ. ಓಗ್ರ್ ಎಂಬ ದೈತ್ಯ ಬಂದನೆನ್ನಿ: ಪ್ರಾಣ 59, ಎಸಿ ಬರೀ 11. ಮೈ ಗಟ್ಟಿ, ಕಾನ್‌ಸ್ಟಿಟ್ಯೂಷನ್ +3. ಕಾನ್‌ಸ್ಟಿಟ್ಯೂಷನ್ ಸೇವ್ ಕೇಳುವ ಥಂಡರ್‌ವೇವ್ ಮಂತ್ರ ಪ್ರಯೋಗಿಸಿದರೆ ಅವನು ಸೋಲುವ ಸಾಧ್ಯತೆ ಶೇ 45 ಮಾತ್ರ. ಆದರೆ ಅವನ ವಿಸ್ಡಮ್, ಅಂದರೆ ಮನಸ್ಸಿನ ಗಟ್ಟಿತನ, ಮೈನಸ್ 2. ಮನಸ್ಸಿನ ಮೇಲೆ ನಡೆಯುವ ಮಂತ್ರ ಹಾಕಿದರೆ ಸೋಲುವ ಸಾಧ್ಯತೆ ಶೇ 70ಕ್ಕೆ ಏರುತ್ತದೆ. ಹಿಡಿಯಸ್ ಲಾಫ್ಟರ್ ಎಂಬ ಮೊದಲ ಮಟ್ಟದ ಮಂತ್ರವೊಂದಿದೆ, ಅದು ತಾಗಿದವರು ನೆಲಕ್ಕೆ ಬಿದ್ದು ಹೊರಳಾಡಿ ನಗುತ್ತಾರೆ. ಇಂಟೆಲಿಜೆನ್ಸ್ 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಅದು ನಾಟುವುದಿಲ್ಲ. ಓಗ್ರ್‌ಗೆ 5 ಇದೆ. ಇಂಥ ಸೂಕ್ಷ್ಮಕ್ಕಾಗಿಯೇ ನಾನು ಈ ಆಟ ಆಡುವುದು.

ಡಿಎಂ ಈ ಅಂಕೆಗಳನ್ನು ನಿಮಗೆ ಹೇಳುವುದಿಲ್ಲ, ಹೇಳಲೂಬಾರದು. ವರ್ಣನೆಗೆ ಕಿವಿ ಕೊಡಿ. ಬಾಗಿಲಿಗಿಂತ ಎತ್ತರ, ದಪ್ಪ ಚರ್ಮ ಎಂದರೆ ಕಾನ್‌ಸ್ಟಿಟ್ಯೂಷನ್ ತಂಟೆಗೆ ಹೋಗಬೇಡಿ. ಮರದಿಂದ ಮರಕ್ಕೆ ಜಿಗಿಯುತ್ತಿದ್ದರೆ ಡೆಕ್ಸ್‌ಟೆರಿಟಿ ಬೇಡ. ನಿಲುವಂಗಿ ತೊಟ್ಟು ಹಳೆಯ ಪುಸ್ತಕ ಹಿಡಿದವನ ಮನಸ್ಸನ್ನು ಕೆಣಕಬೇಡಿ, ಅವನ ಮೈಯನ್ನು ಹಿಡಿಯಿರಿ.

ಸ್ಲೀಪ್ ಮಂತ್ರದ್ದು ಬೇರೆಯೇ ಗಣಿತ. ಸೇವ್ ಇಲ್ಲ, ಎಂಟು ಮುಖದ ಐದು ದಾಳ ಉರುಳಿಸಿ, ಬಂದ ಮೊತ್ತದಷ್ಟು ಪ್ರಾಣ ಇರುವವರು ಕಡಿಮೆ ಪ್ರಾಣದವರಿಂದ ಶುರುವಾಗಿ ಮಲಗುತ್ತಾ ಹೋಗುತ್ತಾರೆ. ಸರಾಸರಿ 22ರ ಆಸುಪಾಸು, ಮೂವರು ಗಾಬ್ಲಿನ್‌ಗಳಿಗೆ ಸಾಮಾನ್ಯವಾಗಿ ಸಾಕು. ಗಾಯವಾಗದ ಓಗ್ರ್‌ನ ಮೇಲೆ ಮಾತ್ರ ದಂಡ, ಎಂಥ ಗರ ಬಿದ್ದರೂ 40 ದಾಟದು. 2024ರ ಪುಸ್ತಕದಲ್ಲಿ ಇದಕ್ಕೂ ವಿಸ್ಡಮ್ ಸೇವ್ ತಂದಿದ್ದಾರೆ. ಒಂದೇ ಮೇಜಿನಲ್ಲಿ ಇಬ್ಬರ ಕೈಯಲ್ಲಿ ಎರಡು ಪುಸ್ತಕ ಇದ್ದರೆ ಜಗಳ ಹುಟ್ಟುವುದು ಈ ಮಂತ್ರದಿಂದಲೇ. ಯಾವ ವರ್ಷದ್ದೆಂದು ಆಟ ಶುರುವಾಗುವ ಮೊದಲೇ ಕೇಳಿಕೊಳ್ಳಿ.

ಅದೃಷ್ಟದ ಬಗ್ಗೆ ಹೇಳಬೇಕಾದ್ದೂ ಇಲ್ಲೇ ಇದೆ. ಒಂದೇ ದಾಳ ಹಾಕಿದಾಗ 1 ಬೀಳುವ ಸಾಧ್ಯತೆಯೂ 20 ಬೀಳುವ ಸಾಧ್ಯತೆಯೂ ಒಂದೇ, ಶೇ 5. ದಾಳಗಳು ಹೆಚ್ಚಾದಷ್ಟೂ ಮೊತ್ತ ನಡುವಿಗೆ ಬಂದು ಕೂರುತ್ತದೆ. ಫೈರ್‌ಬಾಲ್‌ನ ಎಂಟು ದಾಳಗಳ ಮೊತ್ತ 8ರಿಂದ 48ರವರೆಗೆ ಏನೂ ಆಗಬಹುದು, ಆದರೂ ನಾಲ್ಕರಲ್ಲಿ ಮೂರು ಸಲ 23ರಿಂದ 33ರ ಒಳಗೇ ಇರುತ್ತದೆ. ನನ್ನ ಹಣೆಬರಹವೇ ಕೆಟ್ಟದ್ದು ಎನ್ನುವವರು ಒಂಟಿ ದಾಳದ ಮಂತ್ರಗಳನ್ನು ಬಿಟ್ಟು ಹಲವು ದಾಳದವನ್ನು ಆರಿಸಿಕೊಳ್ಳಲಿ.

ಹೆಜ್ಜೆ 5: ಬಾಯಿ ಮೊದಲು, ಕೈ ಆಮೇಲೆ

ಚೌಕಾಬಾರದಲ್ಲಿ ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸಲಿ ಎಂದು ಯೋಚಿಸುತ್ತೇವೆ. ಗರ ಮೊದಲು, ತೀರ್ಮಾನ ಆಮೇಲೆ. ಮನೆಯಲ್ಲಿ ಅಜ್ಜಿಯ ಜೊತೆ ಅದನ್ನೇ ಆಡಿ ಬೆಳೆದವರು ಇಲ್ಲಿಯೂ ಹಾಗೇ ಮಾಡುತ್ತಾರೆ: ದಾಳ ಉರುಳಿಸಿಬಿಟ್ಟು, 4 ಕಂಡರೆ ಸಣ್ಣ ಮಂತ್ರದ ಹೆಸರು, 19 ಕಂಡರೆ ದೊಡ್ಡದರ ಹೆಸರು. ಮೋಸ ಮಾಡುವ ಉದ್ದೇಶ ಇರುವುದಿಲ್ಲ, ಅಭ್ಯಾಸ ಬಲ. ಇಲ್ಲಿ ಕ್ರಮ ತಿರುಗುಮುರುಗು. ಯಾರ ಮೇಲೆ, ಯಾವ ಮಂತ್ರ, ಯಾವ ಮಟ್ಟದ ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಅವಕಾಶ) ಎಂಬ ಮೂರನ್ನೂ ಗಟ್ಟಿಯಾಗಿ ಹೇಳಿ, ಡಿಎಂ "ಹಾಕಿ" ಎಂದ ಮೇಲೆಯೇ ಕೈ ಬಿಚ್ಚಬೇಕು. ಅಷ್ಟರವರೆಗೆ ದಾಳ ತಟ್ಟೆಯಲ್ಲಿರಲಿ. ಕೈಯಲ್ಲಿದ್ದರೆ ಉರುಳಿಯೇ ತೀರುತ್ತದೆ.

ಗರ ನೋಡಿ ಮಂತ್ರ ಹೇಳುವ ಸೌಲಭ್ಯ ಇರುವುದು ಶೀಲ್ಡ್‌ನಂಥ ಕೆಲವಕ್ಕೆ ಮಾತ್ರ. ಶತ್ರುವಿನ ಏಟು ತಾಗಿತು ಎಂದು ಗೊತ್ತಾದ ಮೇಲೆ ಅದನ್ನು ಹೇಳಿದರೆ ನಿಮ್ಮ ಎಸಿ 5 ಏರುತ್ತದೆ, ತಾಗಿದ ಏಟು ತಪ್ಪಿಯೂ ಹೋಗಬಹುದು. ವಿಝರ್ಡ್ ಆದವರು ಇದನ್ನು ಕಲಿಯದೇ ಇರಬೇಡಿ.

ಸಮಯ ಉಳಿಸುವ ಒಂದು ಅಡ್ಡದಾರಿಗೆ ನನ್ನ ಪೂರ್ಣ ಒಪ್ಪಿಗೆ ಇದೆ: ಫೈರ್ ಬೋಲ್ಟ್‌ಗೆ ಇಪ್ಪತ್ತು ಮುಖದ್ದನ್ನೂ ಪೆಟ್ಟಿನ ಹತ್ತು ಮುಖದ್ದನ್ನೂ ಒಟ್ಟಿಗೇ ಉರುಳಿಸಿ. ತಾಗದಿದ್ದರೆ ಎರಡನೆಯದನ್ನು ಮರೆತುಬಿಡಿ.

ದಾಳ ಓರೆಯಾಗಿ ನಿಂತರೆ ಅಥವಾ ಸೋಫಾದ ಅಡಿಗೆ ಹೋದರೆ ಮತ್ತೆ ಹಾಕುವುದೆಂದು ಮೊದಲೇ ಒಪ್ಪಂದವಿರಲಿ. ಇಲ್ಲದಿದ್ದರೆ "ಅಣ್ಣಾ, ಅದು ಓರೆ ಇತ್ತು, ಇನ್ನೊಂದ್ಸಲ ಹಾಕ್ಲಾ?" "ಓರೆಯೂ ಇಲ್ಲ ಎಂತದೂ ಇಲ್ಲ ಮಾರಾಯ, ಮೂರು ಬಿದ್ದಿದೆ, ಮೂರೇ" ಎಂಬ ಪಂಚಾಯ್ತಿಯಲ್ಲೇ ಸಂಜೆಯಾಗುತ್ತದೆ.

20 ಬಿದ್ದರೆ ಕುಣಿಯುವ ಮುನ್ನ ನೋಡಿ, ಅದು ದಾಳಿಯ ದಾಳವೋ ಸೇವ್‌ನ ದಾಳವೋ? ದಾಳಿಯದ್ದಾದರೆ ಪೆಟ್ಟಿನ ದಾಳಗಳು ಎರಡರಷ್ಟಾಗುತ್ತವೆ, 1 ಬಿದ್ದರೆ ಏನು ಕೂಡಿಸಿದರೂ ತಪ್ಪಿದಂತೆಯೇ. ಸೇವ್‌ನಲ್ಲಿ 1ಕ್ಕೂ 20ಕ್ಕೂ ಅಂಥ ವಿಶೇಷವೇನೂ ಪುಸ್ತಕದಲ್ಲಿಲ್ಲ, ಕೂಡಿಸಿ ಬಂದ ಮೊತ್ತವೇ ಲೆಕ್ಕ.

ಇನ್ನೊಂದು. ಶತ್ರು ಐದು ಅಡಿಯೊಳಗೆ ಬಂದು ನಿಂತಿರುವಾಗ ದೂರಕ್ಕೆ ಎಸೆಯುವ ಫೈರ್ ಬೋಲ್ಟ್ ಬಳಸಿದರೆ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು. ಗಾಬ್ಲಿನ್‌ಗೆ ತಾಗುವ ಸಾಧ್ಯತೆ ಶೇ 55ರಿಂದ ಶೇ 30ಕ್ಕೆ ಕುಸಿಯುತ್ತದೆ. ಸೇವ್ ಮಂತ್ರಕ್ಕೆ ಈ ಕಾಟವಿಲ್ಲ. ಮೂಗಿನ ತುದಿಗೆ ಬಂದವನಿಗೆ ಬರ್ನಿಂಗ್ ಹ್ಯಾಂಡ್ಸೇ ಸರಿ.

ದಾಳಕ್ಕೆ ಉಫ್ ಎಂದು ಊದುವುದು, ಕೆಟ್ಟದಾಗಿ ಬಿದ್ದದ್ದನ್ನು ಶಿಕ್ಷೆಗೆಂದು ಡಬ್ಬಿಯಲ್ಲಿ ಕೂಡಿಹಾಕುವುದು ಎಲ್ಲ ಮಾಡಿ, ನಷ್ಟವಿಲ್ಲ. "ಮೂರು ಸಲ ತಪ್ಪಿತು, ಇನ್ನು ಬಂದೇ ಬರುತ್ತದೆ" ಎಂದು ಮಾತ್ರ ಕೈಯಲ್ಲಿದ್ದ ದೊಡ್ಡ ಸ್ಲಾಟನ್ನು ಪಣಕ್ಕಿಡಬೇಡಿ. ಶೇ 45 ತಪ್ಪುವಂಥ ಎಸೆತ ಸತತ ಮೂರು ಸಲ ತಪ್ಪುವುದು ಹನ್ನೊಂದರಲ್ಲಿ ಒಮ್ಮೆ ಆಗುವ ಮಾತು, ಅಪರೂಪವೇನಲ್ಲ. ನಾಲ್ಕನೆಯ ಎಸೆತಕ್ಕೆ ಹಿಂದಿನ ಮೂರರ ನೆನಪಿರುವುದಿಲ್ಲ.

ಹೆಜ್ಜೆ 6: ಏಕಾಗ್ರತೆಗೆ ಕೇರಂ ಕಾಯಿ

ಕಾರ್ಡಿನಲ್ಲಿ ಕಾನ್‌ಸಂಟ್ರೇಷನ್ ಎಂದಿದ್ದರೆ ಅದರ ಮೇಲೆ ಒಂದು ಕೇರಂ ಕಾಯಿ ಇಡಿ. ನಿಮ್ಮ ಬಳಿ ಇರುವುದು ಒಂದೇ ಕಾಯಿ. ಅಂಥ ಎರಡನೇ ಮಂತ್ರ ಶುರು ಮಾಡಿದರೆ ಕಾಯಿ ಅಲ್ಲಿಗೆ ಹೋಗುತ್ತದೆ, ಮೊದಲನೆಯದು ಆ ಕ್ಷಣವೇ ಮುಗಿಯುತ್ತದೆ. ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಷನ್ ಸೇವ್ ಹಾಕಬೇಕು, ಮುಟ್ಟಬೇಕಾದ್ದು 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. ಹಿಡಿಯಸ್ ಲಾಫ್ಟರ್‌ಗೂ ಏಕಾಗ್ರತೆ ಬೇಕು. ನಿಮಗೆ ಬಿದ್ದ ಒಂದು ಬಾಣದಿಂದ ಓಗ್ರ್‌ನ ನಗು ನಿಂತುಬಿಡಬಹುದು, ಹಾಗಾಗಿ ಮಂತ್ರ ಹಾಕಿದ ಮೇಲೆ ಕಂಬದ ಹಿಂದೆ ಸರಿಯಿರಿ.

ಹೆಜ್ಜೆ 7: ಸ್ಲಾಟ್ ಹೊಡೆದು ಹಾಕಿ

ಮೊದಲ ಲೆವೆಲ್‌ನಲ್ಲಿ ಸ್ಲಾಟ್ ಎರಡೇ. ಮಂತ್ರ ತಾಗದಿದ್ದರೂ ಸ್ಲಾಟ್ ಖರ್ಚು, ತಕ್ಷಣ ಪೆನ್ಸಿಲ್ಲಿನಲ್ಲಿ ಗೀಟು ಎಳೆಯಿರಿ. ಫೈರ್ ಬೋಲ್ಟ್‌ನಂಥ ಕ್ಯಾಂಟ್ರಿಪ್‌ಗಳಿಗೆ ಸ್ಲಾಟ್ ಬೇಡ. ರಿಚುಯಲ್ ಎಂದಿರುವ ಮಂತ್ರಗಳನ್ನು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು ಮಾಡಿದರೆ ಅವಕ್ಕೂ ಬೇಡ. ಅಂಥದ್ದೇ ಆದ ಡಿಟೆಕ್ಟ್ ಮ್ಯಾಜಿಕ್‌ಗೆ ಸ್ಲಾಟ್ ಸುಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಖರ್ಚಾದದ್ದು ವಾಪಸ್ ಬರುವುದು ಎಂಟು ಗಂಟೆಯ ಲಾಂಗ್ ರೆಸ್ಟ್ ಮುಗಿದ ಮೇಲೆ. ವಿಝರ್ಡ್‌ಗೆ ಮಾತ್ರ ಆರ್ಕೇನ್ ರಿಕವರಿ ಎಂಬ ಇನ್ನೊಂದು ದಾರಿಯಿದೆ: ದಿನಕ್ಕೊಮ್ಮೆ, ಒಂದು ಗಂಟೆಯ ಶಾರ್ಟ್ ರೆಸ್ಟ್ ಮುಗಿದಾಗ, ಮೊದಲ ಲೆವೆಲ್‌ನವರಿಗೂ ಒಂದು ಸ್ಲಾಟ್ ಮರಳಿ ಸಿಗುತ್ತದೆ. ಡಿಎಂ ಇದನ್ನು ನೆನಪಿಸುವುದಿಲ್ಲ, ನೀವೇ ಕೇಳಿ ತೆಗೆದುಕೊಳ್ಳಬೇಕು.